ಕೆನೆ ಎಲ್ಲಿಗೆ ಹೋಯ್ತು?

ಮಂಡ್ಯದ ಯಾವ ಬಡಾವಣೆಗಾದರೂ ಸರಿ, ಬೆಳಗ್ಗೆ ಆರೂವರೆಗೆ ಹೋಗಿ ಬೀದಿ ತುದಿಯಲ್ಲಿ ನಿಂತುಕೊಳ್ಳಿ. ಹಾಲಿನ ಮೊಪೆಡ್ ಬರುತ್ತದೆ. ಎರಡೂ ಕಡೆ ಕ್ಯಾನು ನೇತಾಡುತ್ತಿರುತ್ತವೆ. ಮನೆಯೊಳಗಿಂದ ಪಾತ್ರೆ ಬರುತ್ತದೆ, ಪಾತ್ರೆಯ ಹಿಂದೆಯೇ ದೂರೂ ಬರುತ್ತದೆ.

“ಏನಪ್ಪಾ, ನಿನ್ನೆ ಹಾಲಲ್ಲಿ ಕೆನೇನೇ ಕಟ್ಟಲಿಲ್ಲವಲ್ಲ?”

“ಮಳೆ ಬಂತಲ್ಲ ಅಮ್ಮೋರೆ, ಹಸ ಹಸಿ ಹುಲ್ಲು ಮೇಯ್ತಾ ಅದೆ. ಹಾಲು ವಸಿ ತೆಳ್ಳಗಾಯ್ತದೆ.”

ಇದು ಪೂರ್ತಿ ಸುಳ್ಳಲ್ಲ. ಒಣಮೇವು ತಪ್ಪಿ ಎಳೆ ಹುಲ್ಲೇ ಹೊಟ್ಟೆ ತುಂಬಿದಾಗ ಹಾಲಿನ ಜಿಡ್ಡು ಸ್ವಲ್ಪ ಇಳಿಯುವುದುಂಟು. ಆದರೆ ಪೂರ್ತಿ ನಿಜವೂ ಅಲ್ಲ. ಹುಲ್ಲು ತಿಂದ ಹಸುವಿನ ಹಾಲಿನ ಜಿಡ್ಡು ಅರ್ಧ ಪರ್ಸೆಂಟ್ ಇಳಿದೀತೇ ಹೊರತು ಕೆನೆಯೇ ಮಾಯವಾಗುವುದಿಲ್ಲ. ಮಾಯವಾಗಿದ್ದರೆ ಅದು ಬೇರೆ ಯಾರದೋ ಪಾತ್ರೆಯಲ್ಲಿದೆ ಅಂತಲೇ ಅರ್ಥ.

ಪ್ಯಾಕೆಟ್ ಹಾಲಿಗಿಂತ ಹೆಚ್ಚು ದುಡ್ಡು ಕೊಟ್ಟು ಹಳ್ಳಿಯ ಹಸಿ ಹಾಲು ತರಿಸುವ ಮನೆಗಳು ನಮ್ಮೂರಲ್ಲಿ ಬೇಕಾದಷ್ಟಿವೆ. ಹೋಟೆಲಿನವರೂ ತರಿಸುತ್ತಾರೆ. ಯಾಕೆ ಅಂತ ಕೇಳಿ, ‘ಕೆನೆ ಚೆನ್ನಾಗಿ ಬರತ್ತೆ ಸ್ವಾಮಿ’ ಅನ್ನುವುದೇ ಉತ್ತರ. ಅಂದರೆ ಹೆಚ್ಚಿನ ದುಡ್ಡು ಕೆನೆಗಾಗಿಯೇ. ಹಾಗಿದ್ದ ಮೇಲೆ ಆ ಕೆನೆ ಏನು, ಹೇಗೆ ಮೇಲೆ ಬರುತ್ತದೆ, ಹೇಗೆ ಕೈಬದಲಾಗುತ್ತದೆ ಅನ್ನೋದನ್ನು ಕೊಳ್ಳುವವರೂ ಮಾರುವವರೂ ತಿಳಿದಿರಬೇಕಲ್ಲವೇ?

ಮೊದಲೇ ಒಂದು ಮಾತು. ಹಾಲಿನಿಂದ ಕೆನೆ ತೆಗೆಯುವುದು ಕಳ್ಳತನವಲ್ಲ. ಹಸು ಸಾಕಿದವನ ಹಕ್ಕು ಅದು. ತೆಗೆದ ಮೇಲೆ ಉಳಿದ ಹಾಲನ್ನು ಏನು ಅಂತ ಹೇಳಿ ಮಾರುತ್ತೀರಿ ಅನ್ನುವುದರಲ್ಲಿದೆ ತಕರಾರು.

ಎರಡು ಕೆನೆ, ಒಂದೇ ಹೆಸರು

ನಮ್ಮ ಮಾತಿನಲ್ಲಿ ಕೆನೆ ಅಂದರೆ ಎರಡು ಪದಾರ್ಥ. ಹಾಲು ಕಾಯಿಸಿ ಆರಲು ಬಿಟ್ಟಾಗ ಮೇಲೆ ಹಾಸಿದಂತೆ ಕಟ್ಟುತ್ತದಲ್ಲ, ಬೆರಳಲ್ಲಿ ಎತ್ತಿದರೆ ಬಟ್ಟೆಯ ಹಾಗೆ ಬರುತ್ತದಲ್ಲ, ಅದೊಂದು. ಅದರಲ್ಲಿ ಜಿಡ್ಡೂ ಇದೆ, ಬಿಸಿಗೆ ಗಟ್ಟಿಯಾದ ಹಾಲಿನ ಪ್ರೋಟೀನೂ ಇದೆ. ಇನ್ನೊಂದು, ಕಾಯಿಸದ ಹಸಿ ಹಾಲನ್ನು ತಣ್ಣಗೆ ಅಲುಗಾಡದಂತೆ ಇಟ್ಟರೆ ತಾನಾಗಿ ಮೇಲೆ ತೇಲುವ ಮಂದ ಹಾಲು. ಇದು ಪದರವಲ್ಲ, ದ್ರವವೇ. ಸೌಟಿನಲ್ಲಿ ತೆಗೆಯಬೇಕು. ಡೇರಿಯವರು ಕ್ರೀಂ ಅನ್ನುವುದು ಇದಕ್ಕೇ.

ಹಾಲಿನೊಳಗೆ ಜಿಡ್ಡು ಕಣ್ಣಿಗೆ ಕಾಣದ ಸಣ್ಣ ಸಣ್ಣ ಗುಳಿಗೆಗಳಾಗಿ ತೇಲಾಡುತ್ತಿರುತ್ತದೆ. ನೀರಿಗಿಂತ ಹಗುರ, ಆದ್ದರಿಂದ ಮೇಲೇರುತ್ತದೆ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಹಸುವಿನ ಹಸಿ ಹಾಲಿನಲ್ಲಿ ಈ ಗುಳಿಗೆಗಳನ್ನು ಗೊಂಚಲು ಗೊಂಚಲಾಗಿ ಅಂಟಿಸುವ ಒಂದು ಪ್ರೋಟೀನ್ ಇದೆ. ಹಾಲು ತಣ್ಣಗಾದಂತೆ ಅದು ಕೆಲಸ ಶುರು ಮಾಡುತ್ತದೆ. ಒಂಟಿ ಗುಳಿಗೆ ಮೇಲೇರಲು ದಿನಗಟ್ಟಲೆ ಬೇಕು. ಗೊಂಚಲಿಗೆ ಕೆಲವು ಗಂಟೆ ಸಾಕು. ಎಮ್ಮೆ ಹಾಲಿನಲ್ಲಿ ಜಿಡ್ಡು ಹಸುವಿನದಕ್ಕಿಂತ ಎಷ್ಟೋ ಹೆಚ್ಚಿದ್ದರೂ ಈ ಅಂಟಿಸುವ ಗುಣವಿಲ್ಲ. ಅದಕ್ಕೇ ಹಸಿಯಾಗಿ ಇಟ್ಟರೆ ಹಸುವಿನ ಹಾಲೇ ಬೇಗ ಕೆನೆ ಬಿಡುತ್ತದೆ. ಕಾಯಿಸಿದರೆ ಎಮ್ಮೆಯದೇ ದಪ್ಪ ಕೆನೆ.

ಹಾಲನ್ನು ಚೆನ್ನಾಗಿ ಕಾಯಿಸಿದರೆ ಆ ಅಂಟಿಸುವ ಪ್ರೋಟೀನ್ ಸತ್ತುಹೋಗುತ್ತದೆ. ಹಾಗಾಗಿ ಹಸಿ ಹಾಲಿನ ಕೆನೆ ಬೇಕಿದ್ದರೆ ಕಾಯಿಸುವ ಮುಂಚೆ ತೆಗೆಯಬೇಕು.

ಯುರೋಪಿನ ತಣ್ಣನೆ ದೇಶಗಳಲ್ಲಿ ಹಿಂದೆ ಅಗಲ ತಟ್ಟೆಗಳಲ್ಲಿ ಹಾಲು ಹಾಕಿ ಒಂದು ದಿನ, ಒಂದೂವರೆ ದಿನ ಸುಮ್ಮನೆ ಬಿಟ್ಟು ಕೆನೆ ತೆಗೆಯುತ್ತಿದ್ದರು. ನಮ್ಮ ಬಿಸಿಲಿಗೆ ಅದು ಸಾಧ್ಯವೇ? ಐದಾರು ಗಂಟೆಯಲ್ಲಿ ಹಸಿ ಹಾಲು ಒಡೆದು ಕೂರುತ್ತದೆ. ಅದಕ್ಕೆ ನಮ್ಮ ಅಜ್ಜಿಯರು ಬೇರೆ ದಾರಿ ಹಿಡಿದರು. ಬೆರಣಿಯ ಕೆಂಡದ ಮೇಲೆ ಗಡಿಗೆಯಿಟ್ಟು ಗಂಟೆಗಟ್ಟಲೆ ಕಾಯಿಸಿ, ಇಡೀ ಹಾಲಿಗೇ ಹೆಪ್ಪು ಹಾಕಿ, ಬೆಳಗಿನ ಜಾವ ಕಂಬಕ್ಕೆ ಹಗ್ಗ ಕಟ್ಟಿ ಕಡಗೋಲಲ್ಲಿ ಮೊಸರು ಕಡೆದರು. ಕೆನೆ ಬೇರೆ ಮಾಡುವ ಗೋಜೇ ಇಲ್ಲ, ನೇರ ಬೆಣ್ಣೆ. ಮಜ್ಜಿಗೆ ಉಚಿತ. ಅದು ದಡ್ಡತನವಲ್ಲ ಕಣ್ರೀ, ನಮ್ಮ ಹವೆಗೆ ಹೊಂದಿದ ಉಪಾಯ.

1878ರಲ್ಲಿ ಸ್ವೀಡನ್ನಿನ ಗುಸ್ತಾಫ್ ದೆ ಲಾವಾಲ್ ಎಂಬಾತ ಹಾಲನ್ನು ಗಿರಗಿರ ತಿರುಗಿಸಿ ಕೆನೆ ಬೇರ್ಪಡಿಸುವ ಯಂತ್ರ ತಂದ. ಒಂದು ಕೊಳವೆಯಲ್ಲಿ ಕೆನೆ, ಇನ್ನೊಂದರಲ್ಲಿ ಕೆನೆ ತೆಗೆದ ಹಾಲು. ಹಾಲು ಕಾಯುತ್ತಾ ಕೂರುವ ಕೆಲಸವೇ ಇಲ್ಲ. ಸೌಟಿನಲ್ಲಿ ತೆಗೆದರೆ ಹಾಲಿನಲ್ಲಿ ಒಂದಿಷ್ಟು ಜಿಡ್ಡು ಉಳಿದೇ ಉಳಿಯುತ್ತದೆ. ಯಂತ್ರದಲ್ಲಿ ಹಾಕಿದರೆ ಉಳಿಯುವುದು ನೂರಕ್ಕೆ ಕಾಲು ಭಾಗವೂ ಇಲ್ಲ. ಕೈಯಲ್ಲಿ ತಿರುಗಿಸುವ ಇಂಥ ಮೆಷಿನ್ನು ಇವತ್ತಿಗೂ ಸಿಗುತ್ತದೆ, ಕರೆಂಟಿನದೂ ಸಿಗುತ್ತದೆ. ಅದು ಸಾಧುವಿನ ಮನೆಯಲ್ಲೂ ಇರಬಹುದು, ಕಿಲಾಡಿಯ ಮನೆಯಲ್ಲೂ ಇರಬಹುದು.

ಡಿಗ್ರಿಯ ಕಣ್ಕಟ್ಟು

ಈಗ ಬಂದೆವು ಮುಖ್ಯ ವಿಷಯಕ್ಕೆ. ಹೋಟೆಲ್ ಮಾಲೀಕರು, ಬೇಕರಿಯವರು ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು.

ಹಾಲು ಕೊಳ್ಳುವಾಗ ಲ್ಯಾಕ್ಟೋಮೀಟರ್ ಬಿಟ್ಟು ನೋಡುತ್ತೀರಿ. ‘ಡಿಗ್ರಿ’ 28, 29, 30 ಬಂತು ಅಂದರೆ ಸರಿ ಅಂತ ದುಡ್ಡು ಎಣಿಸುತ್ತೀರಿ. 24 ಬಂದರೆ ನೀರು ಅಂತ ಜಗಳ ತೆಗೆಯುತ್ತೀರಿ. ಬರೀ ನೀರು ಬೆರೆಸಿದವನನ್ನು ಈ ಗಾಜಿನ ಕಡ್ಡಿ ಹಿಡಿದುಕೊಡುತ್ತದೆ, ನಿಜ. ಆದರೆ ಅದು ಅಳೆಯುವುದು ಹಾಲಿನ ಸಾಂದ್ರತೆ ಮಾತ್ರ. ಜಿಡ್ಡು ಹಾಲಿನಲ್ಲಿ ಎಲ್ಲಕ್ಕಿಂತ ಹಗುರವಾದ ವಸ್ತು. ಹಗುರವಾದದ್ದನ್ನು ತೆಗೆದುಬಿಟ್ಟರೆ ಉಳಿದದ್ದು ಭಾರವಾಗುತ್ತದೆ. ಅಂದರೆ ಕೆನೆ ತೆಗೆದ ಹಾಲು ಲ್ಯಾಕ್ಟೋಮೀಟರಿನಲ್ಲಿ ಒಳ್ಳೇ ಹಾಲಿಗಿಂತ ಹೆಚ್ಚು ಡಿಗ್ರಿ ತೋರಿಸುತ್ತದೆ!

ಲೆಕ್ಕ ನೋಡಿ. ಮೆಷಿನ್ನಿನಲ್ಲಿ ಕೆನೆ ಪೂರ್ತಿ ತೆಗೆದ ಹಸುವಿನ ಹಾಲು 34ರ ಆಸುಪಾಸು ನಿಲ್ಲುತ್ತದೆ. ಅಂಥ ಹತ್ತು ಲೀಟರಿಗೆ ಒಂದೂವರೆ ಲೀಟರ್ ನೀರು ಸುರಿದರೆ ಡಿಗ್ರಿ ಇಳಿದು 29, 30ಕ್ಕೆ ಬಂದು ನಿಲ್ಲುತ್ತದೆ. ಅಪ್ಪಟ ಹಾಲಿನ ಡಿಗ್ರಿ. ಕೆನೆಯೂ ಹೋಯಿತು, ನೀರೂ ಸೇರಿತು, ಕಡ್ಡಿ ಮಾತ್ರ ‘ಪಾಸ್’ ಅನ್ನುತ್ತದೆ. ಎರಡು ತಪ್ಪು ಸೇರಿ ಒಂದು ಸರಿ ಆಗುವುದು ಲೋಕದಲ್ಲಿ ಇಲ್ಲಿ ಮಾತ್ರವೇ ಇರಬೇಕು. ಬೆಂಗಳೂರು–ಮೈಸೂರು ರಸ್ತೆಯುದ್ದಕ್ಕೂ ‘ಡಿಗ್ರಿ ಕಾಫಿ’ ಬೋರ್ಡು ಕಾಣುತ್ತದಲ್ಲ, ಆ ಡಿಗ್ರಿ ಲ್ಯಾಕ್ಟೋಮೀಟರಿನಿಂದಲೇ ಬಂದದ್ದು ಅಂತ ಕೆಲವರು ಹೇಳುತ್ತಾರೆ. ಹಾಗಿದ್ದರೆ ಕೆನೆ ತೆಗೆದ ಹಾಲಿನ ಕಾಫಿಗೇ ಡಿಗ್ರಿ ಜಾಸ್ತಿ!

ಈ ಆಟ ತಪ್ಪಿಸಲಿಕ್ಕೇ ಡೇರಿಗಳು ಡಿಗ್ರಿಯ ಜೊತೆಗೆ ಫ್ಯಾಟನ್ನೂ ಅಳೆಯುತ್ತವೆ. ಹಳೇ ವಿಧಾನ ಸ್ವಿಟ್ಜರ್ಲೆಂಡಿನ ಗರ್ಬರ್ ಅನ್ನುವವನದು. ಗಾಜಿನ ನಳಿಕೆಯಲ್ಲಿ ಗಂಧಕಾಮ್ಲ, ಹಾಲು, ಒಂದಿಷ್ಟು ಆಲ್ಕೋಹಾಲ್ ಹಾಕಿ ತಿರುಗಿಸಿದರೆ ಆಮ್ಲ ಮಿಕ್ಕಿದ್ದನ್ನೆಲ್ಲ ಕರಗಿಸಿ ಜಿಡ್ಡು ಮಾತ್ರ ನಳಿಕೆಯ ಕುತ್ತಿಗೆಯಲ್ಲಿ ನಿಲ್ಲುತ್ತದೆ. ಅಲ್ಲಿರುವ ಗೀಟು ನೋಡಿ ಎಷ್ಟು ಪರ್ಸೆಂಟ್ ಅಂತ ಓದಬಹುದು. ಈಗ ಹಳ್ಳಿ ಸೊಸೈಟಿಗಳಲ್ಲೂ ಯಂತ್ರ ಬಂದು ಅರೆ ನಿಮಿಷದಲ್ಲಿ ಫ್ಯಾಟು, ಎಸ್‌ಎನ್‌ಎಫ್ ಎರಡನ್ನೂ ಚೀಟಿಯಲ್ಲಿ ಒತ್ತಿ ಕೊಡುತ್ತದೆ. ಎಸ್‌ಎನ್‌ಎಫ್ ಅಂದರೆ ಜಿಡ್ಡನ್ನು ಬಿಟ್ಟು ಹಾಲಿನಲ್ಲಿರುವ ಮಿಕ್ಕ ಘನ ಪದಾರ್ಥ: ಪ್ರೋಟೀನು, ಸಕ್ಕರೆ, ಲವಣ. ಕಾನೂನಿನ ಪ್ರಕಾರ ಹಸುವಿನ ಹಾಲು ಅಂತ ಮಾರಬೇಕಾದರೆ ಫ್ಯಾಟು ಕನಿಷ್ಠ 3.2, ಎಸ್‌ಎನ್‌ಎಫ್ ಕನಿಷ್ಠ 8.3 ಇರಬೇಕು. ಮೇಲೆ ಹೇಳಿದ ಕಣ್ಕಟ್ಟು ಹಾಲು ಎರಡರಲ್ಲೂ ಫೇಲು.

ದಿನಕ್ಕೆ ನೂರಾರು ಕಾಫಿ ಮಾರುವ ಹೋಟೆಲಿನವರು ಬರೀ ಲ್ಯಾಕ್ಟೋಮೀಟರ್ ನಂಬಿ ಕೂತರೆ ಏನೆನ್ನುವುದು?

ಸೊಸೈಟಿ ಬಾಗಿಲಲ್ಲಿ

ಹಾಲು ಕೊಳ್ಳುವವರ ಸಂಕಟ ಒಂದು ಕಡೆಯಾದರೆ ಹಾಲು ಕರೆಯುವವರದು ಇನ್ನೊಂದು. ನಮ್ಮ ಜಿಲ್ಲೆಯಲ್ಲಿ ಬೆಳಗ್ಗೆ ಸಂಜೆ ಎರಡು ಹೊತ್ತೂ ಕ್ಯಾನು ಹಿಡಿದು ಹಾಲು ಉತ್ಪಾದಕರ ಸಹಕಾರ ಸಂಘದ ಬಾಗಿಲಲ್ಲಿ ಸಾಲು ನಿಲ್ಲುವ ಸಂಸಾರಗಳೆಷ್ಟೋ. ಆ ಹಾಲೆಲ್ಲ ಗೆಜ್ಜಲಗೆರೆಯ ಡೇರಿಗೆ ಹೋಗುತ್ತದೆ. ರಾಜ್ಯದ ಮೊದಲ ಡೇರಿ ಕೊಡಗಿನ ಕೂಡಿಗೆಯಲ್ಲಿ ಶುರುವಾದದ್ದು 1955ರಲ್ಲಿ. ವಿಶ್ವಬ್ಯಾಂಕ್ ಸಾಲದ ಬಲದಿಂದ ಡೇರಿ ಅಭಿವೃದ್ಧಿ ನಿಗಮ ಬಂದದ್ದು 1974ರಲ್ಲಿ, ಅದು ಹಾಲು ಮಹಾಮಂಡಳವಾದದ್ದು 1984ರಲ್ಲಿ. ಅಲ್ಲಿಂದೀಚೆಗೆ ಹಳ್ಳಿಯಲ್ಲಿ ಹಾಲು ಅಂದರೆ ಬಟವಾಡೆ ಅಂತಾಯಿತು.

ಬಟವಾಡೆ ನಿಂತಿರುವುದು ಫ್ಯಾಟಿನ ಮೇಲೆ. ಅದಕ್ಕೇ ಚೀಟಿ ನೋಡಿ ‘ನಿನ್ನೆ 4.1 ಇತ್ತು, ಇವತ್ತು 3.4 ಹೆಂಗಾಯ್ತು?’ ಅಂತ ಟೆಸ್ಟರ್ ಮೇಲೆ ರೇಗಾಡುವವರು ಇದ್ದೇ ಇರುತ್ತಾರೆ. ಟೆಸ್ಟರನದೇ ತಪ್ಪು ಅಂತ ಹೇಳಲಾಗದು. ಇದರಲ್ಲಿ ನಾಲ್ಕಾರು ಸೂಕ್ಷ್ಮ ಇವೆ.

ಕೆಚ್ಚಲಿನಿಂದ ಮೊದಲು ಬರುವ ಹಾಲಿನಲ್ಲಿ ಜಿಡ್ಡು ಒಂದು, ಎರಡು ಪರ್ಸೆಂಟ್ ಇದ್ದರೆ ಹೆಚ್ಚು. ಕೊನೆಗೆ ಹಿಂಡುವ ಹಾಲಿನಲ್ಲಿ ಅದು ಅದರ ನಾಲ್ಕೈದು ಪಟ್ಟಿರಬಹುದು. ಅವಸರದಲ್ಲಿ ಅರ್ಧ ಕರೆದು ಎದ್ದವನು ಕೆನೆಯನ್ನು ಕೆಚ್ಚಲಲ್ಲೇ ಬಿಟ್ಟು ಬಂದಿರುತ್ತಾನೆ. ಕರುವಿಗೆ ಮೊದಲು ಬಿಟ್ಟು ಆಮೇಲೆ ಕರೆದರೆ ಒಂದು ಲೆಕ್ಕ, ಮೊದಲು ಕರೆದು ಕೊನೆಯದನ್ನು ಕರುವಿಗೆ ಬಿಟ್ಟರೆ ಇನ್ನೊಂದು ಲೆಕ್ಕ. ಕರುವೇನೋ ಖುಷಿಯಾಗಿ ಕುಡಿಯುತ್ತದೆ, ಚೀಟಿಯಲ್ಲಿ ಫ್ಯಾಟು ಇಳಿಯುತ್ತದೆ. ರಾತ್ರಿಯೆಲ್ಲ ತುಂಬಿದ ಬೆಳಗಿನ ಹಾಲು ಅಳತೆಯಲ್ಲಿ ಜಾಸ್ತಿ, ಫ್ಯಾಟಿನಲ್ಲಿ ಕಮ್ಮಿ. ಸಂಜೆಯದು ಇದಕ್ಕೆ ಉಲ್ಟಾ. ಕರಿ ಬಿಳಿ ಸೀಮೆ ಹಸು ಕೊಡ ತುಂಬಾ ಕೊಟ್ಟರೂ ಜಿಡ್ಡು ಕಮ್ಮಿ. ಜೆರ್ಸಿ, ನಾಟಿ ಹಸುವಿನದು ಸ್ವಲ್ಪ ಆದರೂ ಗಟ್ಟಿ. ಬರೀ ಬೂಸಾ, ಹಿಂಡಿ ಹಾಕಿ ಒಣಹುಲ್ಲು ತಪ್ಪಿಸಿದರೂ ಜಿಡ್ಡು ಬೀಳುತ್ತದೆ.

ಇದೆಲ್ಲದರ ಮೇಲೆ ಸ್ಯಾಂಪಲ್ ತೆಗೆಯುವ ಕ್ರಮ. ಅರ್ಧ ಗಂಟೆ ಸಾಲಿನಲ್ಲಿ ನಿಂತ ಕ್ಯಾನಿನಲ್ಲಿ ಕೆನೆ ಮೇಲೇರಲು ಶುರುವಾಗಿರುತ್ತದೆ. ಕಲಕದೆ ಮೇಲಿನಿಂದ ತೆಗೆದರೆ ರೈತನಿಗೆ ಲಾಭ, ಹಾಲು ಸುರಿದ ಮೇಲೆ ತಳದಲ್ಲಿ ಉಳಿದದ್ದರಿಂದ ತೆಗೆದರೆ ನಷ್ಟ. ಎರಡೂ ನ್ಯಾಯವಲ್ಲ. ಸ್ಯಾಂಪಲ್ ತೆಗೆಯುವ ಮುಂಚೆ ಹಾಲನ್ನು ತಳದಿಂದ ಮೇಲಕ್ಕೆ ಚೆನ್ನಾಗಿ ಕಲಕಬೇಕು. ಇದನ್ನು ಕೇಳುವ ಹಕ್ಕು ಪ್ರತಿಯೊಬ್ಬ ಸದಸ್ಯನಿಗೂ ಇದೆ. ಕೇಳಿದವನನ್ನು ‘ತಕರಾರು ಗಿರಾಕಿ’ ಅನ್ನುವ ಸೆಕ್ರೆಟರಿಗಳು ಇದ್ದರೆ ಅವರೂ ಇದನ್ನು ಓದಲಿ.

ಹಾಗಾದರೆ ಮನೆಯಲ್ಲಿ ಕೆನೆ ತೆಗೆದುಕೊಂಡು ಮಿಕ್ಕಿದ್ದನ್ನು ಸೊಸೈಟಿಗೆ ಹಾಕಿದರೆ? ಯಂತ್ರ ಬಿಡುವುದಿಲ್ಲ. ಫ್ಯಾಟು ಬಿದ್ದರೆ ದರ ಬೀಳುತ್ತದೆ, ತೀರಾ ಬಿದ್ದರೆ ಹಾಲು ವಾಪಸ್. ಹತ್ತು ಲೀಟರ್ ಹಾಲಿಗೂ ಬೆರಳು ಅದ್ದಿ ದರ ಕಳೆದುಕೊಳ್ಳುವುದಕ್ಕಿಂತ ಒಂದು ಲೀಟರನ್ನು ಮನೆಗೆ ಅಂತ ಎತ್ತಿಟ್ಟು ಒಂಬತ್ತನ್ನು ಇದ್ದ ಹಾಗೇ ಹಾಕುವುದು ಬುದ್ಧಿವಂತಿಕೆ.

ಆ ಒಂದು ಲೀಟರ್ ಎತ್ತಿಡುವ ಮನೆಗಳು ಎಷ್ಟಿವೆ ಅನ್ನುವುದೇ ಯೋಚನೆಯ ವಿಷಯ. ಬೆಣ್ಣೆ ಕಾಲದಲ್ಲಿ ಬೆಣ್ಣೆ ಮಾರಿದ ದುಡ್ಡು ಹೆಂಗಸರ ಸೆರಗಿನ ಗಂಟಿಗೆ ಹೋಗುತ್ತಿತ್ತು. ಎಲೆಯಲ್ಲಿ ಬೆಣ್ಣೆ ಮುದ್ದೆ ಇಟ್ಟುಕೊಂಡು ಸಂತೆಗೆ ಬರುತ್ತಿದ್ದವರು ಅವರೇ, ಚೌಕಾಸಿ ಮಾಡುತ್ತಿದ್ದವರೂ ಅವರೇ. ಮಜ್ಜಿಗೆಗೆ ಬೆಲೆ ಕಟ್ಟುತ್ತಿರಲಿಲ್ಲ, ಚೊಂಬು ಹಿಡಿದು ಬಂದ ನೆರೆಯವರಿಗೆಲ್ಲ ಸುರಿಯುತ್ತಿದ್ದರು. ಈಗ ಹಾಲು ಹಾಲಾಗಿಯೇ ಹೋಗುತ್ತದೆ. ದುಡ್ಡು ಬ್ಯಾಂಕ್ ಖಾತೆಗೆ ಬೀಳುತ್ತದೆ, ಖಾತೆ ಮನೆ ಯಜಮಾನನ ಹೆಸರಲ್ಲಿದ್ದರೆ ಗಂಟೂ ಅವನದೇ. ಮಹಿಳೆಯರದೇ ಸಹಕಾರ ಸಂಘಗಳಿರುವ ಊರುಗಳಲ್ಲಿ ಮಾತ್ರ ಈ ಲೆಕ್ಕ ಬೇರೆ. ಡೇರಿ ಬಂದದ್ದು ಕೆಟ್ಟದ್ದಾಯಿತು ಅಂತ ಹೇಳುತ್ತಿಲ್ಲ. ಬೆಣ್ಣೆ ಮಾರಿ ಯಾರೂ ಮಕ್ಕಳನ್ನು ಕಾಲೇಜು ಓದಿಸಲಿಲ್ಲ, ಹಾಲು ಹಾಕಿ ಓದಿಸಿದವರು ಬೇಕಾದಷ್ಟು ಜನ. ಆದರೆ ಕೊಟ್ಟಿಗೆಯಲ್ಲಿ ಎರಡು ಹಸು ಕಟ್ಟಿಕೊಂಡು ಮಗುವಿನ ಮುದ್ದೆಗೆ ಒಂದು ತೊಟ್ಟು ತುಪ್ಪವಿಲ್ಲ ಅಂದರೆ ಎಲ್ಲೋ ಲೆಕ್ಕ ತಪ್ಪಿದೆ.

ಒಂದು ಲೀಟರಿನಲ್ಲಿ ಏನು ಸಿಗುತ್ತದೆ?

ನಾಲ್ಕು ಪರ್ಸೆಂಟ್ ಜಿಡ್ಡಿನ ಒಂದು ಲೀಟರ್ ಹಸುವಿನ ಹಾಲಿನಲ್ಲಿ 41 ಗ್ರಾಂ ಜಿಡ್ಡಿರುತ್ತದೆ. ಕೈಕೆಲಸದಲ್ಲಿ ಸ್ವಲ್ಪ ಹಾಲಿನಲ್ಲಿ, ಸ್ವಲ್ಪ ಮಜ್ಜಿಗೆಯಲ್ಲಿ ಉಳಿದು ಹೋಗುತ್ತದೆ ಅಂತಿಟ್ಟುಕೊಂಡರೂ ದಿನಕ್ಕೊಂದು ಲೀಟರಿನ ಕೆನೆಯಿಂದ ತಿಂಗಳಿಗೆ ಮುಕ್ಕಾಲು ಕೆಜಿಗಿಂತ ಹೆಚ್ಚು ತುಪ್ಪ. ಹಾಲೆಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ, ಅಲ್ಲೇ ಇದೆ. ಕೆನೆ ತೆಗೆದ ಹಾಲಿನಲ್ಲಿ ಪ್ರೋಟೀನು, ಸುಣ್ಣದಂಶ ಹಾಗೇ ಉಳಿದಿರುತ್ತವೆ. ಕಮ್ಮಿಯಾಗುವುದು ಜಿಡ್ಡು ಮತ್ತು ಅದರ ಜೊತೆ ಹೋಗುವ ಎ, ಡಿ ಜೀವಸತ್ವ. ಕಾಫಿಗೆ, ಮೊಸರಿಗೆ ಧಾರಾಳವಾಗಿ ಆಗುತ್ತದೆ. ಎಳೆ ಮಕ್ಕಳಿಗೆ ಮಾತ್ರ ಕೆನೆ ತೆಗೆದದ್ದು ಬೇಡ.

ಮನೆಯಲ್ಲಿ ಫ್ರಿಜ್ಜು ಇದ್ದರೆ ಹಸಿ ಹಾಲಿನ ಕೆನೆ ತೆಗೆಯುವುದು ಮಹಾ ವಿದ್ಯೆಯೇನಲ್ಲ. ಕೆಚ್ಚಲು ತೊಳೆದು ಕರೆದ ಹಾಲನ್ನು ಒಗೆದ ಬಟ್ಟೆಯಲ್ಲಿ ಸೋಸಿ, ಅಗಲ ಬಾಯಿಯ ಸ್ಟೀಲ್ ಪಾತ್ರೆಗೆ ಹಾಕಿ ಮುಚ್ಚಿ, ತಡಮಾಡದೆ ಫ್ರಿಜ್ಜಿಗಿಡಬೇಕು. ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ ಮುಟ್ಟಬಾರದು. ‘ಆಯ್ತಾ ನೋಡೋಣ’ ಅಂತ ಗಂಟೆಗೊಮ್ಮೆ ಅಲುಗಾಡಿಸಿದರೆ ಗೊಂಚಲು ಒಡೆದು ಕೆನೆ ಸರಿಯಾಗಿ ನಿಲ್ಲುವುದಿಲ್ಲ. ಆಮೇಲೆ ಸೌಟನ್ನು ಅಂಚಿನಿಂದ ಮೆಲ್ಲಗೆ ಮುಳುಗಿಸಿ, ಮೇಲಿನ ಹಳದಿ ಛಾಯೆಯ ಮಂದ ಭಾಗ ತಾನಾಗಿ ಸೌಟಿಗೆ ಹರಿಯುವಂತೆ ತೆಗೆಯಬೇಕು. ತೆಳು ನೀಲಿ ಹಾಲು ಕಂಡರೆ ನಿಲ್ಲಿಸಿ. ಪ್ಯಾಕೆಟ್ ಹಾಲಿನಲ್ಲಿ ಈ ಪ್ರಯೋಗ ಮಾಡಬೇಡಿ, ಕಾರಣ ಮುಂದೆ ಹೇಳುತ್ತೇನೆ.

ಕೆನೆಯ ಜೊತೆ ಬರುವ ಅತಿಥಿ

ಇಲ್ಲಿ ಒಂದು ಎಚ್ಚರಿಕೆ. ಇತ್ತೀಚೆಗೆ ‘ಹಸಿ ಹಾಲೇ ಅಮೃತ, ಕಾಯಿಸಿದರೆ ಸತ್ವ ಹೋಗತ್ತೆ’ ಅನ್ನುವ ಪೇಟೆ ಪಂಡಿತರು ಹೆಚ್ಚಾಗಿದ್ದಾರೆ. ನಮ್ಮ ಅಜ್ಜಿಯರು ಹಾಲನ್ನು ಕಾಯಿಸದೆ ಬಿಡುತ್ತಿರಲಿಲ್ಲ ಅನ್ನೋದು ಇವರಿಗೆ ನೆನಪಿಲ್ಲ.

ಹಸು ಕಂದು ಹಾಕುವ ರೋಗ ರೈತರಿಗೆ ಗೊತ್ತೇ ಇದೆ. ಕಂದು ರೋಗ, ಡಾಕ್ಟರ ಬಾಯಲ್ಲಿ ಬ್ರುಸೆಲ್ಲೋಸಿಸ್. ಆ ರೋಗಾಣು ಹಾಲಿನಲ್ಲಿ ಇಳಿಯುತ್ತದೆ, ಕೆನೆಯಲ್ಲಿ ಸೇರುತ್ತದೆ, ಹಸಿ ಕೆನೆಯಿಂದ ತೆಗೆದ ಬೆಣ್ಣೆಯಲ್ಲೂ ಉಳಿಯುತ್ತದೆ. ಮನುಷ್ಯನಿಗೆ ಬಂದರೆ ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲು ನೋವು, ಸೊಂಟ ನೋವು. ಮಲೇರಿಯಾ, ಟೈಫಾಯ್ಡ್ ಅಂತ ತಿಂಗಳುಗಟ್ಟಲೆ ಔಷಧಿ ನುಂಗಿ ಕೊನೆಗೆ ಪತ್ತೆಯಾಗುವುದೂ ಉಂಟು. ಈ ರೋಗ ಕೊಟ್ಟಿಗೆಯಲ್ಲಿ ಇದೆಯೇ ಅಂತ ನೋಡಲು ಪಶುವೈದ್ಯರಲ್ಲಿ ಒಂದು ಪರೀಕ್ಷೆಯಿದೆ. ಹಾಲಿಗೆ ಬಣ್ಣದ ದ್ರಾವಣ ಒಂದು ತೊಟ್ಟು ಬೆರೆಸಿ ಬೆಚ್ಚಗೆ ಒಂದು ಗಂಟೆ ಇಡುತ್ತಾರೆ. ರೋಗದ ಗುರುತಿದ್ದರೆ ಮೇಲೇರಿದ ಕೆನೆಯಲ್ಲಿ ನೀಲಿ ಉಂಗುರ ಕಟ್ಟುತ್ತದೆ. ಇಲ್ಲವಾದರೆ ಬಣ್ಣ ಹಾಲಿನಲ್ಲೇ ಉಳಿಯುತ್ತದೆ. ಕೆನೆ ಮೇಲೇರುವಾಗ ಬರೀ ಜಿಡ್ಡನ್ನು ಎತ್ತಿಕೊಂಡು ಬರುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಇದರ ಲಸಿಕೆ 2019ರಲ್ಲಿ ಶುರುವಾದ ಕೇಂದ್ರದ ಕಾರ್ಯಕ್ರಮದಲ್ಲಿ ಸೇರಿದೆ. ಒಂದೇ ಸಲ ಹಾಕಿಸಬೇಕಾದದ್ದು. ಲಸಿಕೆ ಹಾಕಿಸಿದರೂ ಕೆನೆ ಕಾಯಿಸುವುದು ತಪ್ಪದು. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ ಅದರೊಳಗೆ ಕೆನೆಯ ಪಾತ್ರೆಯಿಟ್ಟು, ಕೈಯಾಡಿಸುತ್ತಾ, ಚೆನ್ನಾಗಿ ಹಬೆಯಾಡುವವರೆಗೆ ಬಿಸಿ ಮಾಡಿ ಐದು ನಿಮಿಷ ಹಾಗೇ ಬಿಟ್ಟರೆ ತಳ ಹಿಡಿಯದೆ ಕೆಲಸವಾಗುತ್ತದೆ. ಉಳಿದ ಹಾಲನ್ನು ಎಂದಿನಂತೆ ಉಕ್ಕು ಬರಿಸಿ.

ಕಾಯಿಸಿದ ಕೆನೆ ಉಗುರು ಬೆಚ್ಚಗಾದಾಗ ಒಂದು ಚಮಚ ಮೊಸರು ಹಾಕಿ. ದಿನದಿನದ ಕೆನೆ ಅದೇ ಡಬ್ಬಿಗೆ ಸೇರಿಸುತ್ತಾ ಫ್ರಿಜ್ಜಿನಲ್ಲಿಟ್ಟು ವಾರಕ್ಕೊಮ್ಮೆ ಕಡೆಯಬಹುದು. ಕಡೆಯುವಾಗ ಕೆನೆ ತಣ್ಣಗಿರಬೇಕು. ಬೇಸಿಗೆಯಲ್ಲಿ ಬೆಣ್ಣೆ ಬರದೆ ಬರೀ ಅಂಟಂಟು ಆಯಿತು ಅನ್ನುವವರು ಐಸ್ ನೀರು ಹಾಕಿ ನೋಡಲಿ, ಐದು ನಿಮಿಷದಲ್ಲಿ ಕಾಳು ಕಟ್ಟುತ್ತದೆ. ಚಳಿಗಾಲದಲ್ಲಿ ಉಲ್ಟಾ, ಸ್ವಲ್ಪ ಬೆಚ್ಚನೆ ನೀರು ಬೇಕು. ಬೆಣ್ಣೆ ತೊಳೆದ ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ತೊಳೆಯಿರಿ. ಮಜ್ಜಿಗೆ ಅಂಶ ಉಳಿದರೆ ಬೆಣ್ಣೆ ಬೇಗ ಕಮಟು ವಾಸನೆ ಬರುತ್ತದೆ. ಸಣ್ಣ ಉರಿಯಲ್ಲಿ ಕಾಯಿಸಿ, ಚಿಟಪಟ ಶಬ್ದ ನಿಂತು ಗಸಿ ಹೊಂಬಣ್ಣಕ್ಕೆ ಬಂದಾಗ ಒಂದು ವೀಳ್ಯದೆಲೆಯನ್ನೋ ಒಂದು ಎಸಳು ನುಗ್ಗೆ ಸೊಪ್ಪನ್ನೋ ಹಾಕಿ ಇಳಿಸಿದರೆ ಬೀದಿಗೆಲ್ಲ ಘಮ. ಆ ಗಸಿಗೆ ಬೆಲ್ಲ ಕಲಸಿ ತಿಂದವರಿಗೇ ಗೊತ್ತು ಅದರ ರುಚಿ.

ಪ್ಯಾಕೆಟ್ಟಿನಲ್ಲಿ ಕೆನೆ ಯಾಕಿಲ್ಲ?

ಡೇರಿಯವರೂ ಕೆನೆ ತೆಗೆಯುತ್ತಾರೆ. ಮುಚ್ಚುಮರೆಯಿಲ್ಲ, ಪ್ಯಾಕೆಟ್ ಮೇಲೇ ಬರೆದಿರುತ್ತಾರೆ. ಟೋನ್ಡ್ ಅಂದರೆ ಜಿಡ್ಡು 3, ಎಸ್‌ಎನ್‌ಎಫ್ 8.5. ಡಬಲ್ ಟೋನ್ಡ್ ಅಂದರೆ ಜಿಡ್ಡು ಒಂದೂವರೆ. ಫುಲ್ ಕ್ರೀಂ ಅಂದರೆ 6. ಈ ಟೋನ್ಡ್ ಹಾಲು ನಮ್ಮ ದೇಶದ್ದೇ ಉಪಾಯ. 1946ರಲ್ಲಿ ಬೊಂಬಾಯಿಯಲ್ಲಿ ದಾರಾ ಖುರೋಡಿ ಅವರು ಎಮ್ಮೆಯ ಗಟ್ಟಿ ಹಾಲಿಗೆ ಹಾಲಿನ ಪುಡಿ, ನೀರು ಸೇರಿಸಿ ಜಿಡ್ಡು ಇಳಿಸಿ, ಅಗ್ಗದ ದರದಲ್ಲಿ ಹೆಚ್ಚು ಜನಕ್ಕೆ ಮುಟ್ಟಿಸಿದರು.

ಇನ್ನು ಹೋಮೋಜಿನೈಸ್ಡ್ ಅಂತ ಬರೆದ ಪ್ಯಾಕೆಟ್. ಅದರಲ್ಲಿ ಜಿಡ್ಡು ಇದೆ, ಆದರೆ ಗುಳಿಗೆಗಳನ್ನು ಒತ್ತಡದಲ್ಲಿ ಪುಡಿಪುಡಿ ಮಾಡಿರುತ್ತಾರೆ. ಅಷ್ಟು ಸಣ್ಣದಾದ ಮೇಲೆ ಅದಕ್ಕೆ ಮೇಲೇರುವ ಶಕ್ತಿಯಿಲ್ಲ. ವಾರ ಇಟ್ಟರೂ ಕೆನೆ ನಿಲ್ಲದು. ಕಾಯಿಸಿದರೂ ಹಪ್ಪಳದಷ್ಟು ತೆಳು ಪದರ. ಇದನ್ನು ನೋಡಿ ‘ಡೇರಿಯವರು ಏನೋ ಪೌಡರ್ ಬೆರೆಸಿದ್ದಾರೆ’ ಅಂತ ಬಸ್ಸಿನಲ್ಲಿ ಭಾಷಣ ಮಾಡುವವರನ್ನು ಕಂಡಿದ್ದೇನೆ. ಕೆನೆ ಕಾಣದಿರುವುದೇ ಮೋಸದ ಗುರುತಲ್ಲ. ಹಾಗೆಯೇ ಕೆನೆ ಕಟ್ಟಿದ ಮಾತ್ರಕ್ಕೆ ಹಾಲು ಚೊಕ್ಕವೂ ಅಲ್ಲ. ಎಮ್ಮೆ ಹಾಲಿಗೆ ಬೇಕಾದಷ್ಟು ನೀರು ಸುರಿದು ‘ಹಸುವಿನ ಗಟ್ಟಿ ಹಾಲು’ ಅಂದರೂ ಕಾಯಿಸಿದಾಗ ಕೆನೆ ಕಟ್ಟುತ್ತದೆ.

ಅಂಗಡಿ ಮಿತ್ರರಿಗೆ ಒಂದು ಗುಣಾಕಾರ. ಒಂದು ಕೆಜಿ ಹಸುವಿನ ತುಪ್ಪಕ್ಕೆ ಕಮ್ಮಿಯೆಂದರೂ 25 ಲೀಟರ್ ಹಾಲು ಬೇಕು. ಮನೆಯಲ್ಲಿ ಕಾಯಿಸಿದರೆ 28, 30 ಲೀಟರ್ ಹಿಡಿಯುತ್ತದೆ. ಇವತ್ತು ನಿಮ್ಮೂರಲ್ಲಿ ಹಾಲಿನ ದರ ಎಷ್ಟೋ ಅದರಿಂದ ಗುಣಿಸಿ. ಉಳಿದ ಹಾಲಿಗೆ ಒಂದಿಷ್ಟು ಬೆಲೆ ಕಳೆಯಿರಿ. ಬಂದ ಮೊತ್ತದ ಅರ್ಧಕ್ಕೆ ‘ಹಳ್ಳಿ ಮನೆಯ ಶುದ್ಧ ನಾಟಿ ಹಸುವಿನ ತುಪ್ಪ’ ಡಬ್ಬ ಇಳಿಸಿ ಹೋಗುವವನು ಬಂದರೆ ಅವನಿಗೆ ನಮಸ್ಕಾರ ಹೇಳಿ ಕಳಿಸಿ. ಹಳದಿ ಬಣ್ಣ ನೋಡಿ ಮರುಳಾಗಬೇಡಿ. ಹಸುವಿನ ತುಪ್ಪ ಹಳದಿ ಇರುವುದು ಹಸಿರು ಮೇವಿನಲ್ಲಿರುವ ಕ್ಯಾರೊಟಿನ್ನಿನಿಂದ, ಆದರೆ ಹಳದಿ ಬಣ್ಣ ಅಂಗಡಿಯಲ್ಲೂ ಸಿಗುತ್ತದೆ.

ಮನೆಗೆ ಹಸಿ ಹಾಲು ತರಿಸುವವರಿಗೆ ಒಂದು ಸುಲಭದ ಪರೀಕ್ಷೆ. ನೆಟ್ಟಗಿರುವ ಗಾಜಿನ ಲೋಟಕ್ಕೆ ಕಾಯಿಸದ ಹಸುವಿನ ಹಾಲು ತುಂಬಿ ಸಂಜೆ ಫ್ರಿಜ್ಜಿಗಿಡಿ. ಬೆಳಗ್ಗೆ ಮೇಲೆ ಹಳದಿ, ಕೆಳಗೆ ಬಿಳಿ, ನಡುವೆ ಗೆರೆ ಕಾಣುತ್ತದೆ. ಹಳದಿ ಪಟ್ಟಿಗೆ ಪೆನ್ನಿನಲ್ಲಿ ಗುರುತು ಹಾಕಿ. ವಾರಕ್ಕೆರಡು ಸಲ ಅದೇ ಲೋಟದಲ್ಲಿ ಅದೇ ಹಾಲಿನವನ ಹಾಲು ಇಟ್ಟು ನೋಡಿ. ಪಟ್ಟಿ ಒಂದಿಷ್ಟು ಹಿಗ್ಗುವುದು ಕುಗ್ಗುವುದು ಸಹಜ. ಇದ್ದಕ್ಕಿದ್ದಂತೆ ಅರ್ಧವಾದರೆ ಕೇಳಿ. ಮೊಪೆಡ್ಡಿನಲ್ಲಿ ಇಪ್ಪತ್ತು ಕಿಲೋಮೀಟರ್ ಕುಲುಕಿ ಬಂದ ಹಾಲು ಅಷ್ಟು ಚೆನ್ನಾಗಿ ಕೆನೆ ಬಿಡದಿರಬಹುದು. ಆದ್ದರಿಂದ ಒಂದೇ ದಿನ ನೋಡಿ ಬಾಯಿಗೆ ಬಂದಂತೆ ಬೈಯಬೇಡಿ, ಪಾಪ ಅವನೂ ನಾಲ್ಕು ಗಂಟೆಗೇ ಎದ್ದಿರುತ್ತಾನೆ.

ಕೇಳಿಯೂ ಸರಿಹೋಗದಿದ್ದರೆ ಕಾನೂನಿದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಅಧಿಕಾರಿಗಳು ಮಾತ್ರವಲ್ಲ, ಕೊಂಡ ಗಿರಾಕಿಯೂ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಮಾರುವವನಿಗೆ ‘ಪರೀಕ್ಷೆಗೆ ಕಳಿಸ್ತೀನಿ’ ಅಂತ ತಿಳಿಸಬೇಕು. ವರದಿಯಲ್ಲಿ ಕಲಬೆರಕೆ ಸಾಬೀತಾದರೆ ಕಟ್ಟಿದ ಶುಲ್ಕ ವಾಪಸ್ ಬರುತ್ತದೆ. ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿದರೆ ಸ್ಯಾಂಪಲ್ ಹೇಗೆ ಕೊಡಬೇಕು ಅಂತ ಹೇಳುತ್ತಾರೆ.

ಕೆನೆ ತೆಗೆದ ಹಾಲನ್ನು ಕೆನೆ ತೆಗೆದ ಹಾಲು ಅಂತಲೇ ಹೇಳಿ, ದರ ಇಳಿಸಿ ಮಾರಿದರೆ ಕೊಳ್ಳುವವರು ನಮ್ಮೂರಲ್ಲೇ ಇದ್ದಾರೆ. ಸಕ್ಕರೆ ಕಾಯಿಲೆಯವರು, ಹೃದಯದ ಕಾಯಿಲೆಯವರು, ಡಾಕ್ಟರು ಜಿಡ್ಡು ಬಿಡಿ ಅಂದವರು ಬೀದಿಗಿಬ್ಬರು. ಎರಡು ಕ್ಯಾನಿಗೆ ಎರಡು ಬಣ್ಣದ ದಾರ ಕಟ್ಟಿಕೊಂಡು, ‘ಇದು ಗಟ್ಟಿದು ಅಮ್ಮೋರೆ, ಇದು ಕೆನೆ ತೆಗೆದದ್ದು, ನಿಮಗ್ಯಾವುದು?’ ಅಂತ ಬಾಗಿಲಲ್ಲಿ ಕೇಳಲು ಮೊಪೆಡ್ಡಿಗೆ ಹೊಸ ಲೈಸೆನ್ಸೇನೂ ಬೇಕಿಲ್ಲ.